ದೊಡ್ಡವರಾದ ಮೇಲೆ ಬರುವ ಶುಗರ್ ಎಲ್ಲವೂ ಟೈಪ್ 2 ಅಲ್ಲ: ಲಾಡಾ ಪತ್ತೆಗೆ ಯಾವ ಪರೀಕ್ಷೆ, ಯಾವಾಗ, ಓದುವುದು ಹೇಗೆ

ವಯಸ್ಕರಿಗೆ ಹೊಸದಾಗಿ ಮಧುಮೇಹ ಬಂದಾಗ ಅದಕ್ಕೆ ‘ಟೈಪ್ 2’ ಎಂಬ ಹೆಸರು ಬೀಳುವುದು ಬಹುಪಾಲು ವಯಸ್ಸು ನೋಡಿ, ಪರೀಕ್ಷೆ ನೋಡಿ ಅಲ್ಲ. ಖಾಲಿ ಹೊಟ್ಟೆಯ ಗ್ಲೂಕೋಸ್ 126 ಮಿ.ಗ್ರಾಂ/ಡೆ.ಲೀ ಮುಟ್ಟಿದರೆ, ಅಥವಾ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.5% ಆದರೆ, ಶುಗರ್ ಇದೆ ಎಂದು ಗೊತ್ತಾಗುತ್ತದೆ. ಏಕೆ ಬಂತು ಎಂಬುದನ್ನು ಈ ಎರಡೂ ಹೇಳಲಾರವು. ಮೂವತ್ತೈದು ದಾಟಿದವರಲ್ಲಿ ಟೈಪ್ 2 ಎಂಬ ಊಹೆ ಹೆಚ್ಚು ಸಲ ಸರಿಯೇ ಆಗಿರುತ್ತದೆ, ಹಾಗಾಗಿ ಅದನ್ನು ಯಾರೂ ಮತ್ತೆ ಕೆದಕುವುದಿಲ್ಲ. ತಪ್ಪಾದ ಕೆಲವರಿಗೆ ಮಾತ್ರ ಅದು ದುಬಾರಿ ಬೀಳುತ್ತದೆ. ಮಾತ್ರೆಯ ಮೇಲೆ ಮಾತ್ರೆ ಸೇರುತ್ತದೆ, ಶುಗರ್ ಬಗ್ಗುವುದಿಲ್ಲ, ತೂಕ ಇಳಿಯುತ್ತದೆ, ‘ಪಥ್ಯ ಸರಿಯಾಗಿ ಮಾಡುತ್ತಿಲ್ಲ’ ಎಂಬ ಮಾತನ್ನೂ ಕೇಳಬೇಕಾಗುತ್ತದೆ. ಕೆಲವರ ವಿಷಯದಲ್ಲಿ ನಿಜ ಗೊತ್ತಾಗುವುದು ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆಗಿ ಆಸ್ಪತ್ರೆ ಸೇರಿದ ಮೇಲೆಯೇ.

ಟೈಪ್ 1 ಮಕ್ಕಳ ಕಾಯಿಲೆ ಎಂಬ ನಂಬಿಕೆ ಈ ತಪ್ಪಿನ ಬುಡದಲ್ಲಿದೆ. ಬ್ರಿಟನ್ನಿನ ಜನರ ಆರೋಗ್ಯ, ವಂಶವಾಹಿ ಮಾಹಿತಿ ಕೂಡಿಟ್ಟಿರುವ ಯುಕೆ ಬಯೋಬ್ಯಾಂಕ್ ದತ್ತಾಂಶವನ್ನು ವಂಶವಾಹಿ ಅಂಕಗಳ ಮೂಲಕ ಜಾಲಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅರವತ್ತು ವರ್ಷದೊಳಗೆ ಬರುವ ಟೈಪ್ 1 ಪ್ರಕರಣಗಳಲ್ಲಿ ಸುಮಾರು 42% ಮೂವತ್ತು ದಾಟಿದ ಮೇಲೆ ಬಂದವು ಎಂಬುದು ಅದರಿಂದ ತಿಳಿಯಿತು. ಆದರೆ ಅದೇ ವಯಸ್ಸಿನಲ್ಲಿ, ಅಂದರೆ 31ರಿಂದ 60ರ ನಡುವೆ, ಬರುವ ಒಟ್ಟು ಮಧುಮೇಹದಲ್ಲಿ ಅವುಗಳ ಪಾಲು ಬರೀ 4%. ಟೈಪ್ 2ರ ದೊಡ್ಡ ಗುಂಪಿನಲ್ಲಿ ಇವರು ಕಳೆದುಹೋಗುವುದು ಹೀಗೆ. ಮುಂದೆ ಆಂಟಿಬಾಡಿ ವರದಿ ಓದುವಾಗ ಈ 4% ಮತ್ತೆ ಬೇಕಾಗುತ್ತದೆ.

ಲಾಡಾ ಎಂದರೇನು

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಮಾಡುವುದು ಟೈಪ್ 1. ಮಕ್ಕಳಲ್ಲಿ ಈ ನಾಶ ಸಾಮಾನ್ಯವಾಗಿ ವೇಗವಾಗಿ ನಡೆಯುತ್ತದೆ, ವಾರಗಳಲ್ಲೇ ಇನ್ಸುಲಿನ್ ಬೇಕಾಗುತ್ತದೆ. ವಯಸ್ಕರಲ್ಲಿ ಇದೇ ಕೆಲಸ ನಿಧಾನವಾಗಿ, ಕೆಲವೊಮ್ಮೆ ವರ್ಷಗಟ್ಟಲೆ ಸಾಗಬಹುದು. ಅಷ್ಟು ಕಾಲ ಉಳಿದ ಬೀಟಾ ಕೋಶಗಳು ಹೇಗೋ ತೂಗಿಸುತ್ತವೆ, ಮಾತ್ರೆಗೂ ಸ್ವಲ್ಪ ಬಗ್ಗುತ್ತವೆ. ನಿಧಾನಗತಿಯ ಈ ರೂಪಕ್ಕೆ 1990ರ ದಶಕದ ಮೊದಲ ಭಾಗದಲ್ಲಿ ‘ಲಾಡಾ’ ಎಂಬ ಹೆಸರು ಬಂತು. ವಯಸ್ಕರಲ್ಲಿ ಸುಪ್ತವಾಗಿ ಸಾಗುವ ಸ್ವಯಂನಿರೋಧಕ ಮಧುಮೇಹ ಎಂದು ಅರ್ಥ. ‘ಟೈಪ್ 1.5’ ಎಂದರೂ ಇದೇ.

ರೂಢಿಯಲ್ಲಿರುವ ಲಕ್ಷಣ ಮೂರು: ವಯಸ್ಸು ಮೂವತ್ತು ದಾಟಿರಬೇಕು, ಬೀಟಾ ಕೋಶಗಳ ವಿರುದ್ಧದ ಆಂಟಿಬಾಡಿ ಒಂದಾದರೂ ರಕ್ತದಲ್ಲಿ ಸಿಗಬೇಕು, ಕಾಯಿಲೆ ಗೊತ್ತಾದ ಮೇಲೆ ಕನಿಷ್ಠ ಆರು ತಿಂಗಳು ಇನ್ಸುಲಿನ್ ಇಲ್ಲದೆ ನಡೆದಿರಬೇಕು. ಮೂರನೆಯದು ವಿಚಿತ್ರವಾದ ಮಾನದಂಡ. ಇನ್ಸುಲಿನ್ ಯಾವಾಗ ಶುರುವಾಗುತ್ತದೆ ಎಂಬುದು ರೋಗದ ಮೇಲೆ ಎಷ್ಟೋ, ವೈದ್ಯರ ಅಭ್ಯಾಸದ ಮೇಲೂ ಅಷ್ಟೇ ನಿಂತಿರುತ್ತದೆ. ಒಂದೇ ಸ್ಥಿತಿಯ ಇಬ್ಬರಲ್ಲಿ ಎರಡನೇ ತಿಂಗಳಿಗೇ ಇನ್ಸುಲಿನ್ ಪಡೆದವರು ಟೈಪ್ 1 ಆಗುತ್ತಾರೆ, ಎಂಟನೇ ತಿಂಗಳಿಗೆ ಪಡೆದವರು ಲಾಡಾ ಆಗುತ್ತಾರೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಇದನ್ನು ಟೈಪ್ 1ರ ಒಳಗೇ ಸೇರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣ ಇದನ್ನು ಮಿಶ್ರ ರೂಪಗಳ ಗುಂಪಿನಲ್ಲಿ ಇಟ್ಟಿದೆ. ಹೆಸರಿನ ಜಗಳದಲ್ಲಿ ರೋಗಿಗೆ ಲಾಭವೇನೂ ಇಲ್ಲ. ಗೊತ್ತಾಗಬೇಕಾದದ್ದು ಎರಡು: ಬೀಟಾ ಕೋಶಗಳ ಮೇಲೆ ದಾಳಿ ನಡೆಯುತ್ತಿದೆಯೇ, ಇನ್ಸುಲಿನ್ ತಯಾರಿಸುವ ಶಕ್ತಿ ಇನ್ನೆಷ್ಟು ಉಳಿದಿದೆ. ಮೊದಲನೆಯದಕ್ಕೆ ಆಂಟಿಬಾಡಿ ಪರೀಕ್ಷೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಸಿ-ಪೆಪ್ಟೈಡ್. ಈ ಕ್ಷೇತ್ರದಲ್ಲಿ ಆಗುವ ಎಡವಟ್ಟುಗಳಲ್ಲಿ ಬಹಳಷ್ಟು ಒಂದರ ಉತ್ತರವನ್ನು ಇನ್ನೊಂದರಲ್ಲಿ ಹುಡುಕುವುದರಿಂದಲೇ ಆಗುತ್ತವೆ.

ಯಾರಿಗೆ ಅನುಮಾನ ಬರಬೇಕು

ಸ್ಪಷ್ಟ ಸುಳಿವುಗಳು ಇವು: ಮೂವತ್ತೈದರೊಳಗೆ ಕಾಯಿಲೆ ಬಂದಿರುವುದು, ಪ್ರಯತ್ನವಿಲ್ಲದೆ ತೂಕ ಇಳಿದಿರುವುದು, ವಿಪರೀತ ಬಾಯಾರಿಕೆ ಮತ್ತು ಮೂತ್ರ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಕಾಣಿಸಿಕೊಂಡಿರುವುದು, ಬಿಎಂಐ 25ಕ್ಕಿಂತ ಕಡಿಮೆ ಇರುವುದು. ಥೈರಾಯ್ಡ್, ತೊನ್ನು, ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಾಕ್, ಬಿ12 ಕೊರತೆಗೆ ಕಾರಣವಾಗುವ ಪರ್ನಿಶಿಯಸ್ ಅನೀಮಿಯಾದಂಥ ಸ್ವಯಂನಿರೋಧಕ ಕಾಯಿಲೆ ತಮಗೋ ಮನೆಯವರಿಗೋ ಇದ್ದರೂ ಅನುಮಾನ ಬಲವಾಗುತ್ತದೆ. ಎರಡು ಮೂರು ಬಗೆಯ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೂ ಒಂದೆರಡು ವರ್ಷದಲ್ಲಿ ಎಚ್‌ಬಿಎ1ಸಿ ಏರುತ್ತಲೇ ಹೋಗುವುದು ಇನ್ನೊಂದು ಸುಳಿವು.

ಆಸ್ಟ್ರೇಲಿಯಾದ ತಂಡವೊಂದು 2006ರಲ್ಲಿ ಐದು ಅಂಶಗಳ ಸರಳ ಅಂಕಪಟ್ಟಿ ಕೊಟ್ಟಿತು: ಐವತ್ತರೊಳಗೆ ಆರಂಭ, ತೀವ್ರ ಲಕ್ಷಣಗಳು, 25ಕ್ಕಿಂತ ಕಡಿಮೆ ಬಿಎಂಐ, ಸ್ವಂತ ಸ್ವಯಂನಿರೋಧಕ ಕಾಯಿಲೆ, ಕುಟುಂಬದಲ್ಲಿ ಅಂಥ ಕಾಯಿಲೆ. ಇವುಗಳಲ್ಲಿ ಎರಡು ಅಥವಾ ಹೆಚ್ಚು ಇದ್ದರೆ ಆಂಟಿಬಾಡಿ ಪರೀಕ್ಷೆ ಮಾಡಿಸಬೇಕು. ಹಾಗೆ ಆರಿಸಿದಾಗ ಲಾಡಾ ಇದ್ದವರಲ್ಲಿ 90% ಮಂದಿ ಸಿಕ್ಕಿಬಿದ್ದರು. ಒಂದೂ ಇಲ್ಲದಿದ್ದರೆ ಅಥವಾ ಒಂದೇ ಇದ್ದರೆ ಲಾಡಾ ಅಲ್ಲ ಎಂದು 99% ಭರವಸೆಯಿಂದ ಹೇಳಬಹುದಿತ್ತು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕೂತು ರೋಗಿಯೇ ಹಾಕಿಕೊಳ್ಳಬಹುದಾದ ಲೆಕ್ಕ ಇದು.

ಈ ಪಟ್ಟಿಯಲ್ಲಿ ಮೋಸಹೋಗುವ ಜಾಗ ಬಿಎಂಐ. ತೂಕ ಹೆಚ್ಚಿದ್ದವರಿಗೆ ಸ್ವಯಂನಿರೋಧಕ ಮಧುಮೇಹ ಬರುವುದಿಲ್ಲ ಎಂದೇನಿಲ್ಲ. ಬೊಜ್ಜು ಇರುವ ಸಮಾಜದಲ್ಲಿ ಟೈಪ್ 1 ಇದ್ದವರೂ ದಪ್ಪಗಿರುತ್ತಾರೆ. ಏಷ್ಯಾ ಮೂಲದವರಲ್ಲಿ ಇದರ ತಿರುವುಮುರುವು: ಟೈಪ್ 2 ಕಡಿಮೆ ತೂಕದಲ್ಲೇ ಬರುತ್ತದೆ, ಮಧುಮೇಹ ತಪಾಸಣೆಗೆ 23 ಬಿಎಂಐಯನ್ನೇ ಗಡಿಯಾಗಿ ಇಟ್ಟಿರುವುದು ಅದಕ್ಕೇ. ತೆಳ್ಳಗಿದ್ದಾರೆ ಎಂಬುದು ಅವರ ಮಟ್ಟಿಗೆ ದುರ್ಬಲ ಸುಳಿವು. ತೂಕಕ್ಕಿಂತ ತೂಕದ ಇಳಿಕೆಯನ್ನು ನಂಬುವುದು ಮೇಲು. ತೂಕ ಇಳಿಸುವ ಜಿಎಲ್‌ಪಿ-1 ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಆ ಸುಳಿವೂ ಮಸುಕಾಗುತ್ತದೆ. ಇಳಿಯುತ್ತಿರುವುದು ಔಷಧದಿಂದಲೋ ಇನ್ಸುಲಿನ್ ಕೊರತೆಯಿಂದಲೋ ಕನ್ನಡಿ ನೋಡಿ ಹೇಳಲಾಗದು.

ಆಂಟಿಬಾಡಿ: ಯಾವುದು, ಯಾವ ಕ್ರಮದಲ್ಲಿ

ಮೊದಲು ಗ್ಯಾಡ್65 ಆಂಟಿಬಾಡಿ, ಅಂದರೆ ಬೀಟಾ ಕೋಶದಲ್ಲಿರುವ ಗ್ಯಾಡ್65 ಎಂಬ ಕಿಣ್ವದ ವಿರುದ್ಧದ್ದು. ವಯಸ್ಕರಲ್ಲಿ ಅತಿ ಹೆಚ್ಚಾಗಿ ಸಿಗುವುದು ಇದೇ, ಬಹಳ ವರ್ಷ ಉಳಿಯುವುದೂ ಇದೇ. ಅದು ನೆಗೆಟಿವ್ ಬಂದು ಅನುಮಾನ ಹಾಗೆಯೇ ಉಳಿದಿದ್ದರೆ ಬೀಟಾ ಕೋಶದ ಇನ್ನೆರಡು ಪ್ರೋಟೀನುಗಳ ವಿರುದ್ಧದ ಐಎ-2 ಮತ್ತು ಜಿಂಕ್ ಟ್ರಾನ್ಸ್‌ಪೋರ್ಟರ್ 8 ಆಂಟಿಬಾಡಿಗಳು. ಎರಡನೆಯದನ್ನು ಲ್ಯಾಬುಗಳು ಝಡ್‌ಎನ್‌ಟಿ8 ಎಂದು ಬರೆಯುತ್ತವೆ. ಇನ್ಸುಲಿನ್ ವಿರುದ್ಧದ ಆಂಟಿಬಾಡಿಯೂ ಒಂದಿದೆ, ಆದರೆ ಅದು ಮುಖ್ಯವಾಗಿ ಚಿಕ್ಕ ಮಕ್ಕಳ ಪರೀಕ್ಷೆ. ಹೊರಗಿನಿಂದ ಇನ್ಸುಲಿನ್ ಚುಚ್ಚಲು ಶುರುಮಾಡಿ ಒಂದೆರಡು ವಾರವಾದರೆ ದೇಹ ಆ ಇನ್ಸುಲಿನ್ ವಿರುದ್ಧವೇ ಆಂಟಿಬಾಡಿ ತಯಾರಿಸಬಹುದು. ಆಮೇಲೆ ಪಾಸಿಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ. ಗ್ಯಾಡ್, ಐಎ-2, ಝಡ್‌ಎನ್‌ಟಿ8 ಮೂರಕ್ಕೂ ಈ ತೊಡಕಿಲ್ಲ, ಉಪವಾಸವೂ ಬೇಕಿಲ್ಲ, ದಿನದ ಯಾವ ಹೊತ್ತಿನಲ್ಲಾದರೂ ರಕ್ತ ಕೊಡಬಹುದು. ಹಳೆಯ ಐಸಿಎ ಪರೀಕ್ಷೆ, ಅಂದರೆ ಮೇದೋಜೀರಕದ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆಯುವುದು, ಓದುವವರ ಕಣ್ಣನ್ನು ಅವಲಂಬಿಸುತ್ತದೆ. ಮೇಲಿನ ಮೂರು ಸಿಗುವಾಗ ಅದರ ಮೊರೆ ಹೋಗಬೇಕಿಲ್ಲ.

ಆಂಟಿಬಾಡಿ ಸಿಕ್ಕರೆ ಅದು ಮುಂದಿನ ದಾರಿಯ ಬಗ್ಗೆ ಎಷ್ಟು ಹೇಳುತ್ತದೆ ಎಂಬುದಕ್ಕೆ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ 1997ರ ಅಂಕಿಗಳು ಇಂದಿಗೂ ಉಪಯುಕ್ತ. ಟೈಪ್ 2 ಎಂದು ಪರಿಗಣಿಸಿದ್ದವರಲ್ಲಿ 35ರೊಳಗಿನ ವಯಸ್ಸಿನ, ಗ್ಯಾಡ್ ಪಾಸಿಟಿವ್ ಇದ್ದ 84% ಮಂದಿಗೆ ಆರು ವರ್ಷದಲ್ಲಿ ಇನ್ಸುಲಿನ್ ಬೇಕಾಯಿತು. ಆಂಟಿಬಾಡಿ ಇಲ್ಲದವರಲ್ಲಿ ಬೇಕಾದದ್ದು 14% ಮಂದಿಗೆ. 55 ದಾಟಿದವರಲ್ಲಿ ಇದೇ ಅಂಕಿ 34% ಮತ್ತು 5%. ಅಂದರೆ ವಯಸ್ಸಾದವರಲ್ಲಿ ಗ್ಯಾಡ್ ಪಾಸಿಟಿವ್ ಬಂದ ಮೂವರಲ್ಲಿ ಇಬ್ಬರು ಆರು ವರ್ಷದ ನಂತರವೂ ಇನ್ಸುಲಿನ್ ಇಲ್ಲದೆ ಇದ್ದರು. ಪಾಸಿಟಿವ್ ಎಂಬ ಒಂದು ಪದ ಎಲ್ಲರಿಗೂ ಒಂದೇ ಭವಿಷ್ಯ ಹೇಳುವುದಿಲ್ಲ.

ಕಾಯಿಲೆಯ ವೇಗದ ಜೊತೆಗೆ ಇನ್ನೊಂದು ಕಾರಣವೂ ಇದಕ್ಕಿದೆ: ಹುಸಿ ಪಾಸಿಟಿವ್. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಯಾವ ಸುಳಿವೂ ನೋಡದೆ, ಮೂವತ್ತು ದಾಟಿದ 1000 ಮಧುಮೇಹಿಗಳಿಗೆ ಗ್ಯಾಡ್ ಮಾಡಿಸಿದೆವು ಎನ್ನೋಣ. ಮೇಲೆ ಹೇಳಿದ 4% ಪ್ರಕಾರ ಇವರಲ್ಲಿ 40 ಮಂದಿಗೆ ಸ್ವಯಂನಿರೋಧಕ ಮಧುಮೇಹ ಇದೆ. ಪರೀಕ್ಷೆ ನಾಲ್ವರಲ್ಲಿ ಮೂವರನ್ನು ಹಿಡಿಯುತ್ತದೆ ಎಂದಿಟ್ಟುಕೊಂಡರೆ 30 ಮಂದಿ ಸಿಕ್ಕರು. ಉಳಿದ 960 ಮಂದಿಯಲ್ಲಿ ರೋಗವಿಲ್ಲದೆಯೂ ನೂರಕ್ಕೆ ಒಬ್ಬರು ಪಾಸಿಟಿವ್ ಬಂದರೆ ಅದು ಸುಮಾರು 10. ಒಟ್ಟು 40 ಪಾಸಿಟಿವ್‌ನಲ್ಲಿ ನಾಲ್ಕನೇ ಒಂದು ಪಾಲು ಹುಸಿ. ಲ್ಯಾಬು ತನ್ನ ಗಡಿಯನ್ನು ಸ್ವಲ್ಪ ಸಡಿಲ ಇಟ್ಟು ನೂರಕ್ಕೆ ಎರಡೂವರೆ ಮಂದಿಯನ್ನು ತಪ್ಪಾಗಿ ಹಿಡಿದರೆ ಹುಸಿ 24 ಆಗುತ್ತದೆ, ಹೆಚ್ಚುಕಡಿಮೆ ಅರ್ಧಕ್ಕರ್ಧ. ಅದೇ ಪರೀಕ್ಷೆಯನ್ನು ಬಲವಾದ ಸುಳಿವುಗಳಿದ್ದ, ಅರ್ಧದಷ್ಟು ಮಂದಿಗೆ ನಿಜಕ್ಕೂ ರೋಗವಿರುವ 100 ಜನರ ಗುಂಪಿಗೆ ಮಾಡಿಸಿದರೆ 37 ಅಥವಾ 38 ನಿಜವಾದ ಪಾಸಿಟಿವ್ ಎದುರು ಹುಸಿ ಒಂದೂ ಇರದಿರಬಹುದು. ಪರೀಕ್ಷೆ ಅದೇ, ಯಂತ್ರ ಅದೇ, ಯಾರಿಗೆ ಮಾಡಿಸಿದೆವು ಎಂಬುದರ ಮೇಲೆ ವರದಿಯ ಅರ್ಥ ಬದಲಾಗುತ್ತದೆ. ಎಲ್ಲರಿಗೂ ಗ್ಯಾಡ್ ಮಾಡಿಸಿಬಿಡಿ ಎಂಬ ಸಲಹೆ ಕೇಳಲು ಚೆನ್ನ, ಆಚರಣೆಗೆ ಅಷ್ಟು ಒಳ್ಳೆಯದಲ್ಲ.

ಹಾಗಾಗಿ ವರದಿಯಲ್ಲಿ ‘ಪಾಸಿಟಿವ್’ ಎಂಬುದನ್ನು ಓದಿ ನಿಲ್ಲಿಸಬಾರದು. ಅಂಕಿ ಎಷ್ಟು, ಆ ಲ್ಯಾಬಿನ ಗಡಿ ಎಷ್ಟು ಎಂದು ನೋಡಬೇಕು. ಗಡಿ 10 ಇರುವಲ್ಲಿ 13 ಬಂದಿರುವುದಕ್ಕೂ 600 ಬಂದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಹೆಚ್ಚು ಪ್ರಮಾಣ ಇದ್ದವರಲ್ಲಿ ಇನ್ಸುಲಿನ್ ಬೇಗ ಬೇಕಾಗುತ್ತದೆ. ಅಲ್ಪ ಪ್ರಮಾಣದ ಒಂಟಿ ಗ್ಯಾಡ್, ಅದೂ ಟೈಪ್ 2ರ ಲಕ್ಷಣಗಳೇ ಎದ್ದು ಕಾಣುವ ವ್ಯಕ್ತಿಯಲ್ಲಿ ಬಂದರೆ, ಅದನ್ನೇ ಮತ್ತೊಮ್ಮೆ ಮಾಡಿಸಬೇಕು, ಸಾಧ್ಯವಾದರೆ ಬೇರೆ ವಿಧಾನದಲ್ಲಿ, ಜೊತೆಗೆ ಐಎ-2 ಮತ್ತು ಝಡ್‌ಎನ್‌ಟಿ8 ಕೂಡ. ಎರಡು ಬೇರೆ ಬೇರೆ ಆಂಟಿಬಾಡಿ ಪಾಸಿಟಿವ್ ಬಂದರೆ ಅನುಮಾನಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ಬೇರೆ ಲ್ಯಾಬಿನ ಅಂಕಿಯ ಜೊತೆ ಹೋಲಿಸುವಾಗ ಎಚ್ಚರ ಬೇಕು, ಏಕಮಾನಗಳು ಒಂದೊಂದು ಕಡೆ ಒಂದೊಂದು.

ಫಲಿತಾಂಶವನ್ನು ಕೆಡಿಸುವ ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಒಂದು, ಇತ್ತೀಚೆಗೆ ಇಮ್ಯುನೊಗ್ಲಾಬುಲಿನ್ ಡ್ರಿಪ್ ಅಥವಾ ಪ್ಲಾಸ್ಮಾ ಪಡೆದಿದ್ದರೆ ದಾನಿಗಳ ಗ್ಯಾಡ್ ಆಂಟಿಬಾಡಿಯೇ ನಿಮ್ಮ ರಕ್ತದಲ್ಲಿ ಕಾಣಿಸಬಹುದು. ಇನ್ನೊಂದು, ಕೂದಲು ಮತ್ತು ಉಗುರಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ. ಅನೇಕ ಲ್ಯಾಬ್ ಪರೀಕ್ಷೆಗಳು ಬಯೋಟಿನ್ ಅಂಟಿಕೊಳ್ಳುವ ಗುಣವನ್ನೇ ಬಳಸಿ ಅಳೆಯುವುದರಿಂದ ರಕ್ತದಲ್ಲಿ ಅದು ಹೆಚ್ಚಿದ್ದರೆ ಅಂಕಿ ತಲೆಕೆಳಗಾಗುತ್ತದೆ. ಕೆಲವು ಯಂತ್ರಗಳಲ್ಲಿ ಸಿ-ಪೆಪ್ಟೈಡ್ ಇರುವುದಕ್ಕಿಂತ ಕಡಿಮೆ ತೋರುವುದು ಇದೇ ಕಾರಣಕ್ಕೆ. ಎರಡು ಮೂರು ದಿನ ಮೊದಲೇ ನಿಲ್ಲಿಸಿ, ರಕ್ತ ಕೊಡುವಾಗ ಲ್ಯಾಬಿನವರಿಗೂ ಹೇಳಿ.

ನೆಗೆಟಿವ್ ಬಂದರೆ? ಮೂರೂ ಆಂಟಿಬಾಡಿ ನೆಗೆಟಿವ್ ಇದ್ದು ಟೈಪ್ 1 ಇರುವವರು ಇದ್ದಾರೆ: ವಯಸ್ಕರಾದ ಮೇಲೆ ಟೈಪ್ 1 ಬಂದವರಲ್ಲಿ ಸುಮಾರು 5ರಿಂದ 10%. ಕಾಯಿಲೆ ಹಳೆಯದಾದಂತೆ ಆಂಟಿಬಾಡಿಗಳು ಮಾಯವಾಗುವುದೂ ಉಂಟು. ಹತ್ತು ವರ್ಷದ ನಂತರ ಮಾಡಿಸಿದ ನೆಗೆಟಿವ್ ವರದಿ ಬಹಳ ಕಡಿಮೆ ಹೇಳುತ್ತದೆ. ಆಂಟಿಬಾಡಿ ಪರೀಕ್ಷೆಯನ್ನು ಕಾಯಿಲೆ ಹೊಸದಿರುವಾಗಲೇ ಮಾಡಿಸಬೇಕು ಎನ್ನುವುದು ಇದಕ್ಕೇ.

ಸಿ-ಪೆಪ್ಟೈಡ್: ‘ನಾರ್ಮಲ್’ ಎಂಬ ಮೋಸ

ಬೀಟಾ ಕೋಶ ಮೊದಲು ಪ್ರೊಇನ್ಸುಲಿನ್ ಎಂಬ ಉದ್ದನೆಯ ಸರಪಳಿ ತಯಾರಿಸಿ, ಅದನ್ನು ಕತ್ತರಿಸಿ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎರಡನ್ನೂ ಸಮಸಂಖ್ಯೆಯಲ್ಲಿ ರಕ್ತಕ್ಕೆ ಬಿಡುತ್ತದೆ. ದೇಹ ತಯಾರಿಸಿದ ಪ್ರತಿ ಇನ್ಸುಲಿನ್ ಅಣುವಿಗೂ ಒಂದು ರಸೀದಿ ಇದ್ದ ಹಾಗೆ. ಚುಚ್ಚುವ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ, ಆದ್ದರಿಂದ ಇನ್ಸುಲಿನ್ ಮೇಲಿರುವವರಲ್ಲೂ ಸ್ವಂತ ತಯಾರಿಕೆ ಎಷ್ಟು ಎಂದು ಇದರಿಂದ ತಿಳಿಯುತ್ತದೆ. ಇನ್ಸುಲಿನ್ ಕೆಲವೇ ನಿಮಿಷ ರಕ್ತದಲ್ಲಿ ಉಳಿಯುತ್ತದೆ, ಅದರ ಅರ್ಧದಷ್ಟನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಹೀರಿಕೊಳ್ಳುತ್ತದೆ. ಸಿ-ಪೆಪ್ಟೈಡ್‌ನ ಅರ್ಧಾಯುಷ್ಯ ಅರ್ಧ ಗಂಟೆಯ ಸುಮಾರು, ಅದನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಕಿಡ್ನಿಯದು. ಕಿಡ್ನಿ ಕುಂದಿದವರಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ, ಕ್ರಿಯಾಟಿನಿನ್ ನೋಡದೆ ಓದಬಾರದು.

ಇದನ್ನು ಖಾಲಿ ಹೊಟ್ಟೆಯಲ್ಲೇ ಮಾಡಿಸಬೇಕು ಎಂಬ ರೂಢಿ ಹಲವೆಡೆ ಇದೆ. ಬಗೆ ಗುರುತಿಸಲು ಊಟವಾದ ಐದು ಗಂಟೆಯೊಳಗೆ ತೆಗೆದ ರಕ್ತವೇ ಹೆಚ್ಚು ಉಪಯುಕ್ತ. ಬೀಟಾ ಕೋಶಗಳಿಗೆ ಕೆಲಸ ಕೊಟ್ಟಾಗ ಎಷ್ಟು ಮಾಡುತ್ತವೆ ಎಂದು ನೋಡಬೇಕಲ್ಲವೇ? ಅದೇ ರಕ್ತದಲ್ಲಿ ಗ್ಲೂಕೋಸ್ ಕೂಡ ಅಳೆಯಲೇಬೇಕು. ಗ್ಲೂಕೋಸ್ ಇಲ್ಲದ ಸಿ-ಪೆಪ್ಟೈಡ್ ವರದಿ ಅರ್ಧ ವರದಿ. ಗ್ಲೂಕೋಸ್ 70ಕ್ಕಿಂತ ಕೆಳಗಿದ್ದಾಗ ಬೀಟಾ ಕೋಶಗಳು ಬೇಕೆಂದೇ ಸುಮ್ಮನಿರುತ್ತವೆ, ಆಗ ಬಂದ ಕಡಿಮೆ ಅಂಕಿಯನ್ನು ನಂಬದೆ ಮತ್ತೆ ಮಾಡಿಸಬೇಕು. ಇದರ ವಿರುದ್ಧ ತುದಿಯಲ್ಲೂ ಅಪಾಯವಿದೆ: ವಾರಗಟ್ಟಲೆ ಶುಗರ್ 400 ದಾಟಿದ್ದರೆ, ಅಥವಾ ಕೀಟೋಅಸಿಡೋಸಿಸ್ ಆಗಿದ್ದರೆ, ಬೀಟಾ ಕೋಶಗಳು ತಾತ್ಕಾಲಿಕವಾಗಿ ಮಂಕಾಗುತ್ತವೆ. ಅಂಥ ತುರ್ತು ಸ್ಥಿತಿ ಕಳೆದು ಎರಡು ವಾರವಾದರೂ ಆಗುವವರೆಗೆ ಈ ಪರೀಕ್ಷೆ ಬೇಡ.

ಈಗ ಆ ಮೋಸ. ವರದಿಯ ಅಂಚಿನಲ್ಲಿ ಅಚ್ಚಾಗುವ ಸಾಮಾನ್ಯ ವ್ಯಾಪ್ತಿ, ಉದಾಹರಣೆಗೆ 1.1ರಿಂದ 4.4 ನ್ಯಾನೊಗ್ರಾಂ/ಮಿ.ಲೀ, ಮಧುಮೇಹವಿಲ್ಲದ ಜನರು ಖಾಲಿ ಹೊಟ್ಟೆಯಲ್ಲಿದ್ದಾಗಿನದು. ಊಟವಾಗಿ ಗ್ಲೂಕೋಸ್ 260 ಇರುವಾಗ ಸಿ-ಪೆಪ್ಟೈಡ್ 1.2 ಬಂದರೆ ಲ್ಯಾಬು ಅದಕ್ಕೆ ಕೆಂಪು ಗುರುತು ಹಾಕುವುದಿಲ್ಲ, ವರದಿ ನಾರ್ಮಲ್ ಎಂದೇ ಹೋಗುತ್ತದೆ. ವಾಸ್ತವದಲ್ಲಿ ಅಷ್ಟು ಗ್ಲೂಕೋಸ್ ಎದುರು ಆರೋಗ್ಯವಂತ ಮೇದೋಜೀರಕ ಅದರ ಹಲವು ಪಟ್ಟು ಸುರಿಸಬೇಕಿತ್ತು. ನಾರ್ಮಲ್ ಎನ್ನುವ ಆ 1.2 ನಿಜಕ್ಕೂ ಕೊರತೆಯ ಅಂಕಿ.

ಬಳಸಬೇಕಾದ ಗಡಿಗಳು ಬೇರೆ. ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು 2021ರಲ್ಲಿ ಒಟ್ಟಾಗಿ ಕೊಟ್ಟ ದಾರಿಯಲ್ಲಿ 200 ಪಿಕೊಮೋಲ್/ಲೀಟರ್‌ಗಿಂತ ಕಡಿಮೆ ಇದ್ದರೆ ಟೈಪ್ 1, 600ಕ್ಕಿಂತ ಹೆಚ್ಚಿದ್ದರೆ ಟೈಪ್ 2ರ ಕಡೆಗೆ, ನಡುವೆ ಇದ್ದರೆ ತೀರ್ಪು ಕೊಡದೆ ಕಾದು ಮತ್ತೆ ನೋಡುವುದು. ನ್ಯಾನೊಗ್ರಾಂ ಲೆಕ್ಕದಲ್ಲಿ ಇವು ಸುಮಾರು 0.6 ಮತ್ತು 1.8. ಪರಿವರ್ತನೆಗೆ ನ್ಯಾನೊಗ್ರಾಂ/ಮಿ.ಲೀ ಅಂಕಿಯನ್ನು 331ರಿಂದ ಗುಣಿಸಿದರೆ ಸಾಕು. ಏಕಮಾನ ಗಮನಿಸದೆ 0.6 ನ್ಯಾನೊಗ್ರಾಂ ಮತ್ತು 0.6 ನ್ಯಾನೊಮೋಲ್ ಒಂದೇ ಎಂದುಕೊಂಡರೆ ಮೂರು ಪಟ್ಟು ವ್ಯತ್ಯಾಸ; ಇನ್ಸುಲಿನ್ ಬೇಕಾದವರನ್ನು ಮಾತ್ರೆಯಲ್ಲೇ ಉಳಿಸಲು ಅಷ್ಟು ಸಾಕು.

ಆದರೆ ಈ ಗಡಿಗಳ ಹಿಂದೊಂದು ಷರತ್ತಿದೆ: ಇವು ಚೆನ್ನಾಗಿ ಕೆಲಸ ಮಾಡುವುದು ಕಾಯಿಲೆ ಬಂದು ಮೂರು ವರ್ಷ ಕಳೆದ ಮೇಲೆ. ಆರಂಭದಲ್ಲಿ ಲಾಡಾ ಇದ್ದವರ ಸಿ-ಪೆಪ್ಟೈಡ್ 700, 800 ಇರಬಹುದು, ಏಕೆಂದರೆ ಕೋಶಗಳು ಇನ್ನೂ ಸತ್ತಿಲ್ಲ. ಅದನ್ನು ತೋರಿಸಿ ಲಾಡಾ ಅಲ್ಲ ಎನ್ನುವುದು ಅತಿ ಸಾಮಾನ್ಯವಾದ ತಪ್ಪು. ಕಾಯಿಲೆ ಹೊಸದಿರುವಾಗ ಆಂಟಿಬಾಡಿಯ ಮಾತು ನಡೆಯುತ್ತದೆ, ಹಳೆಯದಾದ ಮೇಲೆ ಸಿ-ಪೆಪ್ಟೈಡ್‌ನ ಮಾತು.

ರಕ್ತ ತೆಗೆದ ಮೇಲಿನ ಉಪಚಾರವೂ ಮುಖ್ಯ. ಸಾಮಾನ್ಯ ಸೀರಂ ಟ್ಯೂಬಿನಲ್ಲಿ ಸಿ-ಪೆಪ್ಟೈಡ್ ಬೇಗ ಕೆಡುತ್ತದೆ, ತಡಮಾಡದೆ ಸೀರಂ ಬೇರ್ಪಡಿಸಿ ತಂಪಿನಲ್ಲಿಡಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಕೋಣೆಯ ಉಷ್ಣತೆಯಲ್ಲೇ ಒಂದು ದಿನ ತಡೆಯುತ್ತದೆ. ಮಾದರಿ ದೂರದ ಕೇಂದ್ರಕ್ಕೆ ಹೋಗುವುದಾದರೆ ಯಾವ ಟ್ಯೂಬು, ಯಾವಾಗ ಬೇರ್ಪಡಿಸುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಊಟದ ನಂತರದ ಮೂತ್ರದಲ್ಲಿ ಸಿ-ಪೆಪ್ಟೈಡ್ ಮತ್ತು ಕ್ರಿಯಾಟಿನಿನ್ ಅನುಪಾತ ಅಳೆಯುವ ಪರೀಕ್ಷೆಯೂ ಇದೆ. ಬೋರಿಕ್ ಆಮ್ಲ ಹಾಕಿದ ಡಬ್ಬಿಯಲ್ಲಿ ಮಾದರಿ ಮೂರು ದಿನ ಕೆಡುವುದಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ

ಆಂಟಿಬಾಡಿ ಪಾಸಿಟಿವ್, ಸಿ-ಪೆಪ್ಟೈಡ್ ಕಡಿಮೆ: ಇದರಲ್ಲಿ ಚರ್ಚೆಯಿಲ್ಲ, ಟೈಪ್ 1ರ ಹಾಗೆಯೇ ಇನ್ಸುಲಿನ್ ಬೇಕು. ಆಂಟಿಬಾಡಿ ಪಾಸಿಟಿವ್ ಇದ್ದು ಸಿ-ಪೆಪ್ಟೈಡ್ ಚೆನ್ನಾಗಿದ್ದರೆ ಅದು ಲಾಡಾದ ಆರಂಭದ ಹಂತ. ತಕ್ಷಣ ಇನ್ಸುಲಿನ್ ಬೇಕೆಂದೇನಿಲ್ಲ, ಸುಮಾರು ಆರು ತಿಂಗಳಿಗೊಮ್ಮೆ ಸಿ-ಪೆಪ್ಟೈಡ್ ನೋಡುತ್ತಿರಬೇಕು. ಲಾಡಾ ತಜ್ಞರ 2020ರ ಒಮ್ಮತದಲ್ಲಿ ಚಿಕಿತ್ಸೆಗೆ ಇಟ್ಟ ಗಡಿಗಳು 0.3 ಮತ್ತು 0.7 ನ್ಯಾನೊಮೋಲ್/ಲೀಟರ್, ಅಂದರೆ 300 ಮತ್ತು 700 ಪಿಕೊಮೋಲ್: ಕೆಳಗಿದ್ದರೆ ಪೂರ್ಣ ಇನ್ಸುಲಿನ್, ನಡುವಿದ್ದರೆ ಇನ್ಸುಲಿನ್ ಮತ್ತು ಮಾತ್ರೆ ಬೆರೆಸಿ ಅವರವರಿಗೆ ತಕ್ಕಂತೆ, ಮೇಲಿದ್ದರೆ ಸ್ವಲ್ಪ ಬದಲಾವಣೆಯೊಂದಿಗೆ ಟೈಪ್ 2ರ ಚಿಕಿತ್ಸೆ. ಮೇಲೆ ಹೇಳಿದ 200, 600ಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ಗೊಂದಲಪಡಬೇಕಿಲ್ಲ. ಅವು ಬಗೆ ಗುರುತಿಸುವ ಗಡಿಗಳು, ಇವು ಔಷಧ ಆರಿಸುವ ಗಡಿಗಳು.

ಆಂಟಿಬಾಡಿ ನೆಗೆಟಿವ್, ಆದರೆ ಸಿ-ಪೆಪ್ಟೈಡ್ ಕಡಿಮೆ ಎಂದಾದರೆ ಆಂಟಿಬಾಡಿ ಇಲ್ಲದ ಟೈಪ್ 1 ಇರಬಹುದು, ಮೇದೋಜೀರಕವೇ ಕೆಟ್ಟಿರಬಹುದು. ಹಿಂದೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕದ ಉರಿಯೂತ, ಆಗಿತ್ತೇ, ಮಲ ಜಿಡ್ಡುಜಿಡ್ಡಾಗಿ ಹೋಗುತ್ತದೆಯೇ ಎಂದು ಕೇಳಬೇಕು. ಐವತ್ತು ದಾಟಿದವರಲ್ಲಿ ಹೊಸ ಶುಗರ್ ಜೊತೆ ತೂಕವೂ ಇಳಿಯುತ್ತಿದ್ದರೆ ಮೇದೋಜೀರಕದ ಕ್ಯಾನ್ಸರ್ ಇಲ್ಲವೆಂದು ಸ್ಕ್ಯಾನ್‌ನಲ್ಲಿ ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಕ್ಯಾನ್ಸರಿಗೆ ಪೆಂಬ್ರೊಲಿಝುಮ್ಯಾಬ್, ನಿವೊಲುಮ್ಯಾಬ್ ಥರದ ಔಷಧ ಪಡೆದವರಲ್ಲಿ ಕೆಲವೇ ವಾರಗಳಲ್ಲಿ ಬೀಟಾ ಕೋಶಗಳು ನಾಶವಾಗುವುದುಂಟು, ಅದೂ ಆಂಟಿಬಾಡಿ ಕಾಣದೆಯೇ.

ಎರಡೂ ಟೈಪ್ 1 ಅಲ್ಲ ಎನ್ನುತ್ತಿದ್ದು, ವ್ಯಕ್ತಿ ತೆಳ್ಳಗಿದ್ದು, ತಂದೆ ಅಥವಾ ತಾಯಿಗೂ ಚಿಕ್ಕ ವಯಸ್ಸಿನಲ್ಲೇ ಶುಗರ್ ಬಂದಿದ್ದರೆ ಮೋಡಿ ಎಂಬ ವಂಶವಾಹಿ ಮಧುಮೇಹವನ್ನು ಯೋಚಿಸಬೇಕು. ಇದರಲ್ಲೊಂದು ವಿಪರ್ಯಾಸವಿದೆ: ಲಾಡಾದಲ್ಲಿ ಬೇಡವೆನ್ನುವ ಸಲ್ಫೊನೈಲ್‌ಯೂರಿಯಾ ಮಾತ್ರೆಯೇ ಎಚ್‌ಎನ್‌ಎಫ್1ಎ ಬಗೆಯ ಮೋಡಿಗೆ ಅತ್ಯುತ್ತಮ ಔಷಧ.

ವರದಿ ಬರುವವರೆಗೆ ಮತ್ತು ಬಂದ ಮೇಲೆ

ಆಂಟಿಬಾಡಿ ವರದಿಗೆ ದಿನಗಳೇ ಬೇಕಾಗಬಹುದು. ಅಷ್ಟರಲ್ಲಿ ಕೀಟೋನ್ ಏರುತ್ತಿದ್ದರೆ, ತೂಕ ವೇಗವಾಗಿ ಇಳಿಯುತ್ತಿದ್ದರೆ ವರದಿಗೆ ಕಾಯದೆ ಇನ್ಸುಲಿನ್ ಶುರುಮಾಡಬೇಕು. ಆಮೇಲೆ ಟೈಪ್ 2 ಎಂದು ಗೊತ್ತಾದರೆ, ಸಿ-ಪೆಪ್ಟೈಡ್ ನೋಡಿಕೊಂಡು, ಇನ್ಸುಲಿನ್ ನಿಲ್ಲಿಸಬಹುದು. ತಪ್ಪಾಗಿ ಕೊಟ್ಟ ಇನ್ಸುಲಿನ್‌ನಿಂದ ಆಗುವ ತೊಂದರೆಯನ್ನು ಸರಿಪಡಿಸಬಹುದು, ಕೊಡದೆ ಬಿಟ್ಟ ಇನ್ಸುಲಿನ್ ಜೀವಕ್ಕೇ ಅಪಾಯ.

ಈ ಅವಧಿಯಲ್ಲಿ ಎರಡು ಬಗೆಯ ಮಾತ್ರೆಗಳ ಬಗ್ಗೆ ವೈದ್ಯರ ಬಳಿ ನೇರವಾಗಿ ಕೇಳಬೇಕು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಝೈಡ್ ಮುಂತಾದ ಸಲ್ಫೊನೈಲ್‌ಯೂರಿಯಾಗಳು ಉಳಿದ ಬೀಟಾ ಕೋಶಗಳನ್ನು ಹಿಂಡಿ ಇನ್ಸುಲಿನ್ ತೆಗೆಸುತ್ತವೆ. ಲಾಡಾದಲ್ಲಿ ಇವನ್ನು ಬಳಸಿದವರು ಇನ್ಸುಲಿನ್ ಅವಲಂಬನೆಗೆ ಬೇಗ ಬಂದಿರುವುದು ಕಂಡಿರುವುದರಿಂದ ಇವು ಬೇಡ ಎಂಬುದು ಒಮ್ಮತದ ಸಲಹೆ. ಇನ್ನೊಂದು ಬಗೆ ಡಾಪಾಗ್ಲಿಫ್ಲೊಝಿನ್, ಎಂಪಾಗ್ಲಿಫ್ಲೊಝಿನ್, ಕೆನಾಗ್ಲಿಫ್ಲೊಝಿನ್. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ, ಇನ್ಸುಲಿನ್ ಕೊರತೆಯಿಂದ ಕೀಟೋನ್ ಉಕ್ಕುತ್ತಿದ್ದರೂ ಮೀಟರಿನಲ್ಲಿ ಗ್ಲೂಕೋಸ್ 180, 200 ಅಷ್ಟೇ ಕಾಣಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಇದ್ದಾಗ ‘ಶುಗರ್ ಅಷ್ಟೇನೂ ಇಲ್ಲವಲ್ಲ’ ಎಂದು ಮನೆಯಲ್ಲೇ ಉಳಿದುಬಿಡುವುದು ಇದರಿಂದಲೇ. ಕೀಟೋನ್ ಅಳೆಯುವ ಮೀಟರ್ ಇದ್ದರೆ 0.6 ಮಿಲಿಮೋಲ್/ಲೀಟರ್‌ಗಿಂತ ಕಡಿಮೆ ಇರುವುದು ಸಹಜ, 1.5 ದಾಟಿದರೆ ವೈದ್ಯರಿಗೆ ತಕ್ಷಣ ಫೋನ್ ಮಾಡಬೇಕು, 3 ಮುಟ್ಟಿದರೆ ತುರ್ತು ಚಿಕಿತ್ಸೆಗೆ ಹೊರಡಬೇಕು. ಮೂತ್ರದ ಪಟ್ಟಿ ಅಳೆಯುವುದು ಅಸಿಟೊಅಸಿಟೇಟನ್ನು. ಕೀಟೋಅಸಿಡೋಸಿಸ್‌ನಲ್ಲಿ ಹೆಚ್ಚಾಗಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅದಕ್ಕೆ ಕಾಣುವುದಿಲ್ಲ. ರಕ್ತದ ಪರೀಕ್ಷೆ ಮೇಲು.

ಇನ್ಸುಲಿನ್ ಶುರುವಾದ ಕೆಲವು ವಾರಗಳಿಗೆ ಡೋಸ್ ಇಳಿಯುತ್ತಾ ಬರುವುದು, ಕೆಲವರಲ್ಲಿ ದಿನಕ್ಕೆ ನಾಲ್ಕೈದು ಯೂನಿಟ್‌ಗೆ ಬಂದು ನಿಲ್ಲುವುದು ಉಂಟು. ಏರಿದ ಶುಗರ್ ಇಳಿದಾಗ ಮಂಕಾಗಿದ್ದ ಕೋಶಗಳು ಚೇತರಿಸಿಕೊಳ್ಳುತ್ತವೆ, ಅಷ್ಟೇ. ಆಂಟಿಬಾಡಿ ಪಾಸಿಟಿವ್ ಇದ್ದವರು ಇದನ್ನು ಕಾಯಿಲೆ ವಾಸಿಯಾಯಿತೆಂದೋ, ಮೊದಲಿನ ಪತ್ತೆ ತಪ್ಪೆಂದೋ ತಿಳಿದು ಪೂರ್ತಿ ನಿಲ್ಲಿಸಬಾರದು.

ಒಂದು ಸ್ವಯಂನಿರೋಧಕ ಕಾಯಿಲೆ ಖಚಿತವಾದ ಮೇಲೆ ಅದರ ಜೊತೆಗಾರರನ್ನೂ ಹುಡುಕಬೇಕು. ಟಿಎಸ್‌ಎಚ್ ಮತ್ತು ಥೈರಾಯ್ಡ್ ಪೆರಾಕ್ಸಿಡೇಸ್ ಆಂಟಿಬಾಡಿ, ಸೀಲಿಯಾಕ್‌ಗೆ ಟಿಟಿಜಿ-ಐಜಿಎ ಮತ್ತು ಅದರ ಜೊತೆ ಒಟ್ಟು ಐಜಿಎ ಮಾಡಿಸುವುದು ವಾಡಿಕೆ. ಐಜಿಎ ಒಂದು ಬಗೆಯ ಆಂಟಿಬಾಡಿ, ಅದರ ಒಟ್ಟು ಪ್ರಮಾಣವೇ ಕಡಿಮೆ ಇರುವವರಲ್ಲಿ ಟಿಟಿಜಿ ಸುಳ್ಳೇ ನೆಗೆಟಿವ್ ಬರುತ್ತದೆ. ಬಿ12 ಕೂಡ ನೋಡಬೇಕು, ಮೆಟ್‌ಫಾರ್ಮಿನ್ ಅದನ್ನು ಬೇರೆ ಇಳಿಸಿರುತ್ತದೆ. ಇನ್ಸುಲಿನ್ ಡೋಸ್ ಕಾರಣವಿಲ್ಲದೆ ಕುಸಿದು ಮತ್ತೆ ಮತ್ತೆ ಶುಗರ್ ಇಳಿಯುತ್ತಿದ್ದರೆ, ಚರ್ಮ ಕಪ್ಪಾಗುತ್ತಿದ್ದರೆ, ರಕ್ತದೊತ್ತಡ ಕಡಿಮೆಯಿದ್ದರೆ ಅಡ್ರಿನಲ್ ಗ್ರಂಥಿ ಸೋಲುವ ಅಡಿಸನ್ ಕಾಯಿಲೆಗೆ ಬೆಳಗಿನ ಕಾರ್ಟಿಸಾಲ್ ನೋಡಬೇಕು.

ಕೊನೆಗೆ ಕಡತದ ವಿಷಯ. ಸರಿಯಾದ ಪತ್ತೆ ಆದ ಮೇಲೂ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹಳೆಯ ಟೈಪ್ 2 ಹಾಗೆಯೇ ಉಳಿದಿರುತ್ತದೆ. ಅಂತರರಾಷ್ಟ್ರೀಯ ರೋಗಪಟ್ಟಿ ಐಸಿಡಿ-10ರಲ್ಲಿ ಟೈಪ್ 1ಕ್ಕೆ ಇ10, ಟೈಪ್ 2ಕ್ಕೆ ಇ11. ಬಿಡುಗಡೆ ಪತ್ರದಲ್ಲಿ ಯಾವುದು ಇದೆ ಎಂದು ನೋಡಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಮುಂದೊಮ್ಮೆ ಶಸ್ತ್ರಚಿಕಿತ್ಸೆಗೆ ಉಪವಾಸ ಇರಿಸಿದಾಗ, ಟೈಪ್ 2 ಎಂದು ಓದಿದ ಸಿಬ್ಬಂದಿ ‘ಊಟವಿಲ್ಲ, ಇನ್ಸುಲಿನ್ನೂ ಬೇಡ’ ಎಂದು ಬರೆದುಬಿಡಬಹುದು. ಸ್ವಂತ ಇನ್ಸುಲಿನ್ ಮುಗಿದವರಿಗೆ ದಿನವಿಡೀ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ಉಪವಾಸದ ದಿನವೂ ಬೇಕು, ಡೋಸ್ ಸ್ವಲ್ಪ ಕಡಿಮೆ ಮಾಡಬಹುದೇ ಹೊರತು ತಪ್ಪಿಸುವಂತಿಲ್ಲ. ಆಂಟಿಬಾಡಿ ವರದಿಯ ಪ್ರತಿ, ಸಿ-ಪೆಪ್ಟೈಡ್ ಅಂಕಿ, ಅದೇ ರಕ್ತದ ಗ್ಲೂಕೋಸ್, ಏಕಮಾನ ಮತ್ತು ದಿನಾಂಕ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಫೋನಿನಲ್ಲೂ ಚಿತ್ರ ತೆಗೆದಿಟ್ಟುಕೊಂಡಿದ್ದರೆ, ಹೊಸ ವೈದ್ಯರ ಮುಂದೆ ಎಲ್ಲವನ್ನೂ ಮೊದಲಿನಿಂದ ಶುರುಮಾಡುವ ಕಷ್ಟ ತಪ್ಪುತ್ತದೆ.